ಫಾರ್ಮ್ ಇಲ್ಲದ ಹುಡುಗನನ್ನು ಎಷ್ಟು ಮ್ಯಾಚ್ ಕಾಯಬೇಕು?

ಬೇಸಿಗೆ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರ ಕಡೆ ಊರ ಹೊರಗಿನ ಬಯಲುಗಳಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಶುರುವಾಗುತ್ತವೆ. ಶಾಮಿಯಾನ, ಮೈಕು, ಒಂದು ಕಪ್ಪು, ಬ್ಯಾನರಿನ ತುಂಬ ಫೋಟೋ. ಅಲ್ಲಿ ಪ್ರತಿ ವರ್ಷವೂ ಕಿವಿಗೆ ಬೀಳುವ ಒಂದು ಜಗಳವಿದೆ.

‘ಆ ಹುಡುಗನ್ನ ಇನ್ನೆಷ್ಟು ಆಡಸ್ತೀಯೋ? ಎರಡು ಮ್ಯಾಚ್ ಆತು, ಎರಡರಾಗೂ ಸೊನ್ನಿ.’

‘ಇರಲಿ ಬಿಡ್ರಿ ಕಾಕಾ, ಪ್ರಾಕ್ಟೀಸ್‌ದಾಗ ಚಲೋ ಹೊಡಿತಾನ.’

‘ಪ್ರಾಕ್ಟೀಸ್‌ದಾಗ ಎಲ್ಲಾರೂ ಹೊಡಿತಾರ!’

ಹೆಚ್ಚಿನ ಸಲ ಗೆಲ್ಲುವುದು ಕಾಕಾನೇ. ಮೂರನೇ ಮ್ಯಾಚಿಗೆ ಆ ಹುಡುಗ ನೀರಿನ ಬಾಟಲಿ ಹಿಡಿದು ಬೌಂಡರಿ ಹಗ್ಗದ ಆಚೆ ಕೂತಿರುತ್ತಾನೆ. ಮುಂದಿನ ವರ್ಷ ಅವನು ಊರಲ್ಲೇ ಇರುವುದಿಲ್ಲ, ಬೆಂಗಳೂರಿನಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸಕ್ಕೆ ಹೋಗಿರುತ್ತಾನೆ.

ಕಾಕಾ ಹೇಳುವುದು ಪೂರ್ತಿ ತಪ್ಪಲ್ಲ. ಟೀಮಿನಲ್ಲಿ ಇರುವುದು ಹನ್ನೊಂದೇ ಜಾಗ. ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು. ಹಾಗಾದರೆ ಕೈಬಿಡುವುದು ಯಾವಾಗ? ಕರ್ನಾಟಕದ ಕ್ರಿಕೆಟ್ ಇತಿಹಾಸದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಒಂದೊಂದು ಸಲ ಒಂದೊಂದು ಉತ್ತರ ಸಿಕ್ಕಿದೆ.

1969ರ ನವೆಂಬರ್‌ಗೆ ಹೋಗೋಣ. ಕಾನ್ಪುರದ ಗ್ರೀನ್ ಪಾರ್ಕ್ ಮೈದಾನ, ಎದುರಿಗೆ ಬಿಲ್ ಲಾರಿಯ ಆಸ್ಟ್ರೇಲಿಯ. ಭಾರತದ ಪರ ಮೊದಲ ಟೆಸ್ಟ್ ಆಡಲು ಇಳಿದವರು ಭದ್ರಾವತಿಯಲ್ಲಿ ಹುಟ್ಟಿದ 20 ವರ್ಷದ ಗುಂಡಪ್ಪ ವಿಶ್ವನಾಥ್. ಎತ್ತರ ಕಡಿಮೆ, ಮೈಯೂ ಸಣ್ಣದು. ಎರಡು ವರ್ಷದ ಹಿಂದೆ ಮೈಸೂರು ತಂಡದ ಪರ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ವಿರುದ್ಧ 230 ರನ್ ಹೊಡೆದಿದ್ದ ಹುಡುಗ. ಕಾನ್ಪುರದಲ್ಲಿ ಮೊದಲ ಇನಿಂಗ್ಸಿಗೆ ಆತ ಮಾಡಿದ್ದು ಸೊನ್ನೆ.

ಆಗ ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ. ತಲೆ ಕೆಡಿಸಿಕೊಳ್ಳಬೇಡ, ಎರಡನೇ ಇನಿಂಗ್ಸಿನಲ್ಲಿ ನೂರು ಹೊಡೆಯುತ್ತೀ ಎಂದು ಪಟೌಡಿ ಸಮಾಧಾನ ಹೇಳಿದ್ದನ್ನು ವಿಶ್ವನಾಥ್ ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದಾರೆ. ಎರಡನೇ ಇನಿಂಗ್ಸಿನಲ್ಲಿ ಬಂದದ್ದು 137 ರನ್, ಅದರಲ್ಲಿ 25 ಬೌಂಡರಿ. ಮುಂದೆ ಅವರು 91 ಟೆಸ್ಟ್ ಆಡಿ 6080 ರನ್ ಗಳಿಸಿದರು.

ಈ ಕಥೆಯನ್ನು ಹೇಳುವಾಗ ಎಲ್ಲರೂ 137ರ ಬಗ್ಗೆ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಟೆಸ್ಟ್ ಪಂದ್ಯಕ್ಕೆ ಎರಡು ಇನಿಂಗ್ಸ್ ಇರುತ್ತವೆ. ಅದೇ ಕಾನ್ಪುರದ ಪಂದ್ಯ ನಮ್ಮೂರಿನ ಎಂಟು ಓವರಿನ ಮ್ಯಾಚ್ ಆಗಿದ್ದರೆ ವಿಶ್ವನಾಥ್ ಸೊನ್ನೆಗೆ ಔಟಾದ ಹುಡುಗನಾಗಿಯೇ ಮನೆಗೆ ಹೋಗುತ್ತಿದ್ದರು. ಪಟೌಡಿಯವರ ಮಾತು ದೊಡ್ಡದೇ, ಆದರೆ ಆ ಮಾತಿಗೆ ಬೆಲೆ ಬಂದದ್ದು ಎರಡನೇ ಇನಿಂಗ್ಸ್ ಇದ್ದದ್ದಕ್ಕೆ.

ಇದಕ್ಕಿಂತ ಕಷ್ಟದ ಕಥೆ ಮೈಸೂರಿನ ಬಿ.ಎಸ್. ಚಂದ್ರಶೇಖರ್ ಅವರದು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಬಲಗೈ ಸೊರಗಿತ್ತು. ಅದೇ ಕೈಯಲ್ಲಿ ಲೆಗ್ ಸ್ಪಿನ್ ಹಾಕಿ 1964ರಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್‌ಗೆ ಬಂದರು. 1967-68ರ ಆಸ್ಟ್ರೇಲಿಯ ಪ್ರವಾಸದಲ್ಲಿ ಗಾಯಗೊಂಡು ತಂಡದಿಂದ ಹೊರಬಿದ್ದರು. ಅಲ್ಲಿಂದ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಕರೆಯೇ ಇಲ್ಲ. ವೆಸ್ಟ್ ಇಂಡೀಸ್‌ಗೆ ಹೋಗಿ ಗೆದ್ದು ಬಂದ 1971ರ ತಂಡದಲ್ಲೂ ಅವರ ಹೆಸರಿರಲಿಲ್ಲ.

ಅದೇ ವರ್ಷ ಇಂಗ್ಲೆಂಡ್ ಪ್ರವಾಸಕ್ಕೆ ಆಯ್ಕೆ ಸಮಿತಿ ಅಧ್ಯಕ್ಷ ವಿಜಯ್ ಮರ್ಚೆಂಟ್ ಚಂದ್ರಶೇಖರ್ ಹೆಸರು ಬರೆದರು. ಇದು ಲೆಕ್ಕ ಹಾಕಿಯೇ ಆಡುತ್ತಿರುವ ಜೂಜು ಎಂದು ಅವರೇ ಒಪ್ಪಿಕೊಂಡರು. ಆಗಸ್ಟ್ 23ರಂದು ಓವಲ್ ಮೈದಾನದಲ್ಲಿ ಚಂದ್ರಶೇಖರ್ 38 ರನ್ ಕೊಟ್ಟು 6 ವಿಕೆಟ್ ಕಿತ್ತರು, ಇಂಗ್ಲೆಂಡ್ 101ಕ್ಕೆ ಆಲೌಟ್. ಇಂಗ್ಲೆಂಡ್ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. ಮೂರು ವರ್ಷ ಬೇಡವಾಗಿದ್ದ ಬೌಲರ್ ತಂದುಕೊಟ್ಟ ಗೆಲುವು.

ಹಾಗಂತ ಕೈಬಿಡುವುದೇ ಕೆಟ್ಟದ್ದು ಎನ್ನುವಂತಿಲ್ಲ. ಅನಿಲ್ ಕುಂಬ್ಳೆ ಅವರನ್ನು ನೋಡಿ. (ಕುಂಬ್ಳೆ ಎಂಬ ಊರು ಕಾಸರಗೋಡಿನಲ್ಲಿದೆ, ಹುಟ್ಟಿದ್ದು ಬೆಂಗಳೂರಿನಲ್ಲಿ.) 1990ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ವಯಸ್ಸು 19. ಕನ್ನಡಕ ಹಾಕಿದ ಎಂಜಿನಿಯರಿಂಗ್ ಹುಡುಗ. ಮೊದಲ ಇನಿಂಗ್ಸಿನಲ್ಲಿ 105 ರನ್ ಕೊಟ್ಟು 3 ವಿಕೆಟ್ ಪಡೆದರು. ಲೆಗ್ ಸ್ಪಿನ್ನರ್ ಅಂತಾರೆ, ಚೆಂಡು ತಿರುಗುವುದೇ ಇಲ್ಲ ಎಂಬುದು ಆಗಿನ ಟೀಕೆ. ಒಂದೇ ಟೆಸ್ಟ್, ಆಮೇಲೆ ಎರಡು ವರ್ಷ ಹೊರಗೆ.

ಆದರೆ ಆ ಎರಡು ವರ್ಷ ಕುಂಬ್ಳೆ ಮನೆಯಲ್ಲಿ ಕೂರಲಿಲ್ಲ. ಬೆಂಗಳೂರಿನಲ್ಲಿ ಕ್ಲಬ್ ಇತ್ತು, ಲೀಗ್ ಇತ್ತು, ಕರ್ನಾಟಕದ ರಣಜಿ ತಂಡ ಇತ್ತು. ವರ್ಷವಿಡೀ ಬೌಲಿಂಗ್ ಹಾಕಲು ಜಾಗ ಇತ್ತು. 1992ರ ಇರಾನಿ ಕಪ್‌ನಲ್ಲಿ ದೆಹಲಿ ವಿರುದ್ಧ ಒಂದೇ ಪಂದ್ಯದಲ್ಲಿ 13 ವಿಕೆಟ್ ತೆಗೆದರು. ಅಕ್ಟೋಬರ್‌ನಲ್ಲಿ ಹರಾರೆಯಲ್ಲಿ ಮತ್ತೆ ಟೆಸ್ಟ್ ತಂಡಕ್ಕೆ ಬಂದರು, ದಕ್ಷಿಣ ಆಫ್ರಿಕಾ ಪ್ರವಾಸದ ಹೊತ್ತಿಗೆ ಅವರಿಲ್ಲದೆ ಭಾರತ ತಂಡ ಕಟ್ಟುವುದೇ ಕಷ್ಟ ಎನ್ನುವಂತಾಯಿತು. ನಿವೃತ್ತಿಯ ಹೊತ್ತಿಗೆ 619 ಟೆಸ್ಟ್ ವಿಕೆಟ್.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕುಂಬ್ಳೆ ಅವರನ್ನು ಮೇಲಿನ ತಂಡದಿಂದ ಇಳಿಸಿದರು, ಅಷ್ಟೇ. ಆಟದಿಂದ ಆಚೆ ಹಾಕಲಿಲ್ಲ. ಇಳಿದ ಮೆಟ್ಟಿಲ ಕೆಳಗೆ ಇನ್ನೊಂದು ಮೆಟ್ಟಿಲಿತ್ತು. ರಾಹುಲ್ ದ್ರಾವಿಡ್ ಅವರಿಗೂ ಹಾಗೇ ಆಯಿತು. ನಿಧಾನ ಆಡುತ್ತಾರೆಂದು 1998ರಲ್ಲಿ ಏಕದಿನ ತಂಡದಿಂದ ಬಿಟ್ಟರು, ಟೆಸ್ಟ್ ತಂಡದಲ್ಲಿ ಉಳಿಸಿಕೊಂಡರು. 1999ರ ವಿಶ್ವಕಪ್‌ನಲ್ಲಿ 461 ರನ್, ಇಡೀ ಟೂರ್ನಿಯಲ್ಲಿ ಅವರದೇ ಹೆಚ್ಚು.

ಕೆಳಗಿನ ಮೆಟ್ಟಿಲು ಗಟ್ಟಿ ಇದ್ದರೆ ಕೈಬಿಡುವುದೂ ಒಂದು ಪಾಠ ಆಗುತ್ತದೆ. ನಮ್ಮ ಕಡೆಗೆ ಹೊಂದದ ಮಾತು ಇದೇ. ಅದಕ್ಕೆ ಆಮೇಲೆ ಬರುತ್ತೇನೆ.

ಎಲ್ಲ ಕಥೆಗಳೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ ಹೆಸರು ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಒಳ್ಳೆಯ ವೇಗದ ಬೌಲರ್. 1996ರಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯ ವಿರುದ್ಧ ಒಂದು ಟೆಸ್ಟ್, ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಒಂದು ಟೆಸ್ಟ್. ಒಟ್ಟು 3 ವಿಕೆಟ್. ಮತ್ತೆ ಕರೆ ಬರಲಿಲ್ಲ. ಮೂರನೆಯದು, ನಾಲ್ಕನೆಯದು ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಯಾರೂ ಹೇಳಲಾರರು. ಬೇಗ ಕೈಬಿಡುವುದರಲ್ಲಿ ಇರುವ ತೊಂದರೆಯೇ ಅದು. ತಪ್ಪು ಮಾಡಿದ್ದರೂ ಗೊತ್ತಾಗುವುದಿಲ್ಲ. ಹೆಚ್ಚು ದಿನ ಕಾದು ಸೋತರೆ ಆಯ್ಕೆಗಾರರನ್ನು ಊರೆಲ್ಲ ಬೈಯುತ್ತದೆ, ಬೇಗ ಬಿಟ್ಟವರನ್ನು ಬೈಯಲು ಸಾಕ್ಷಿಯೇ ಇರುವುದಿಲ್ಲ. ಅದಕ್ಕೇ ಕಾಕಾಗಳು ಯಾವಾಗಲೂ ಗೆಲ್ಲುವುದು.

ಹೆಚ್ಚು ಕಾದವರ ಉದಾಹರಣೆಗೆ ಪಕ್ಕದ ಶ್ರೀಲಂಕಾ ಇದೆ. ಮರ್ವನ್ ಅಟಪಟ್ಟು 1990ರಲ್ಲಿ ಭಾರತದ ವಿರುದ್ಧ ಮೊದಲ ಟೆಸ್ಟ್ ಆಡಿ ಎರಡೂ ಇನಿಂಗ್ಸಿನಲ್ಲಿ ಸೊನ್ನೆ. 1992ರಲ್ಲಿ ಎರಡನೇ ಟೆಸ್ಟ್‌ಗೆ ಸೊನ್ನೆ ಮತ್ತು ಒಂದು. 1994ರಲ್ಲಿ ಮೂರನೆಯದು, ಮತ್ತೆ ಸೊನ್ನೆ, ಸೊನ್ನೆ. ಆರು ಇನಿಂಗ್ಸಿಗೆ ಒಂದು ರನ್! ನಮ್ಮೂರಲ್ಲಿ ಆಗಿದ್ದರೆ ಬ್ಯಾಟು ಕಸಿದುಕೊಂಡು ಸ್ಕೋರ್ ಬರೆಯಲು ಕೂರಿಸುತ್ತಿದ್ದರು. ಅವರನ್ನು 1997ರಲ್ಲಿ ಮತ್ತೆ ಕರೆದರು. ಮುಂದೆ 90 ಟೆಸ್ಟ್, 5502 ರನ್, ಆರು ದ್ವಿಶತಕ, ನಾಯಕತ್ವ ಎಲ್ಲ ಬಂತು. ಎಲ್ಲರೂ ಅಟಪಟ್ಟು ಆಗುವುದಿಲ್ಲ ನಿಜ. ಆದರೆ ಆರು ಇನಿಂಗ್ಸಿನಿಂದ ಒಬ್ಬನನ್ನು ಅಳೆಯಲು ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಡ.

ಈಗ ಇತ್ತೀಚಿನ ಇಬ್ಬರು. ಇಬ್ಬರೂ ಕರ್ನಾಟಕದವರೇ, ಒಂದೇ ವಯಸ್ಸಿನವರು.

ಕೆ.ಎಲ್. ರಾಹುಲ್ 2014ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಒಂದು ಇನಿಂಗ್ಸಿಗೆ ಆರನೇ ಕ್ರಮಾಂಕ, ಇನ್ನೊಂದಕ್ಕೆ ಮೂರನೇ ಕ್ರಮಾಂಕ. ಮಾಡಿದ್ದು 3 ಮತ್ತು 1. ಎರಡೂ ಸಲ ಕೆಟ್ಟ ಹೊಡೆತಕ್ಕೆ ಔಟ್. ಮುಂದಿನ ಸಿಡ್ನಿ ಟೆಸ್ಟ್‌ನಿಂದ ತೆಗೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ತೆಗೆಯಲಿಲ್ಲ, ಬದಲಿಗೆ ಅವರಿಗೆ ರೂಢಿ ಇದ್ದ ಜಾಗ ಕೊಟ್ಟು ಆರಂಭಕ್ಕೆ ಕಳಿಸಿದರು. 110 ರನ್. ಹುಡುಗ ಅವನೇ, ಎದುರಾಳಿ ಅದೇ, ಮಧ್ಯೆ ಹೋಗಿದ್ದು ಒಂದು ವಾರ. ಬದಲಾಗಿದ್ದು ಇಳಿಸಿದ ಜಾಗ.

ಇನ್ನೊಬ್ಬರು ಕರುಣ್ ನಾಯರ್. 2016ರಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಎರಡು ಇನಿಂಗ್ಸಿನಲ್ಲಿ 4 ಮತ್ತು 13. ಮೂರನೆಯದು ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ, ಔಟಾಗದೆ 303. ಅದೇ ಇನಿಂಗ್ಸಿನಲ್ಲಿ ರಾಹುಲ್ 199ಕ್ಕೆ ಔಟಾದರು. ಇಬ್ಬರು ಕನ್ನಡಿಗರು ಸೇರಿ ಒಂದೇ ಇನಿಂಗ್ಸಿನಲ್ಲಿ 502. ಟೆಸ್ಟ್‌ನಲ್ಲಿ ಭಾರತದ ಪರ ತ್ರಿಶತಕ ಹೊಡೆದವರು ಅದಕ್ಕೆ ಮುಂಚೆ ಸೆಹ್ವಾಗ್ ಒಬ್ಬರೇ.

ಮುಂದಿನ ಟೆಸ್ಟ್ ಹೈದರಾಬಾದಿನಲ್ಲಿ ಬಾಂಗ್ಲಾದೇಶದ ವಿರುದ್ಧ. ಕರುಣ್ ಆಡಲಿಲ್ಲ! ಗಾಯದಿಂದ ಗುಣವಾದ ಅಜಿಂಕ್ಯ ರಹಾನೆ ಮರಳಿದ್ದರು. ಒಂದು ಪಂದ್ಯದ ಆಟಕ್ಕಾಗಿ ರಹಾನೆಯ ಎರಡು ವರ್ಷದ ದುಡಿಮೆಯನ್ನು ಮರೆಯಲಾಗದು ಎಂಬುದು ನಾಯಕ ಕೊಹ್ಲಿಯ ವಾದ. ಆ ವಾದದಲ್ಲಿ ನ್ಯಾಯವಿದೆ. (ಆಗ ತಂಡದ ಕೋಚ್ ಯಾರು ಗೊತ್ತೇ? ಒಂದು ಟೆಸ್ಟ್ ಆಡಿಸಿ ಎರಡು ವರ್ಷ ಹೊರಗಿಟ್ಟಿದ್ದ ಅದೇ ಕುಂಬ್ಳೆ.) ಆಮೇಲೆ ಆಸ್ಟ್ರೇಲಿಯ ವಿರುದ್ಧ ನಾಲ್ಕು ಇನಿಂಗ್ಸ್ ಸಿಕ್ಕವು: 26, 0, 23, 5. ಒಟ್ಟು 54 ರನ್. ಅಲ್ಲಿಗೆ ಮುಗಿಯಿತು. 2018ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಕರೆದುಕೊಂಡು ಹೋದರು, ಆಡಿಸಲಿಲ್ಲ. ಕೊನೆಯ ಟೆಸ್ಟ್‌ಗೆ ಜಾಗ ಖಾಲಿಯಾದಾಗ ಪ್ರವಾಸದ ನಡುವೆ ಬಂದು ಸೇರಿದ ಹನುಮ ವಿಹಾರಿಗೆ ಕೊಟ್ಟರು.

ಮುಂದೆ ಕರ್ನಾಟಕ ತಂಡದಲ್ಲೂ ಜಾಗ ಹೋಯಿತು. 2022ರ ಡಿಸೆಂಬರ್‌ನಲ್ಲಿ ಇನ್ನೊಂದೇ ಒಂದು ಅವಕಾಶ ಕೊಡು ಎಂದು ಕ್ರಿಕೆಟ್ಟನ್ನೇ ಕೇಳಿಕೊಂಡು ಅವರು ಹಾಕಿದ ಪೋಸ್ಟ್ ನಿಮ್ಮ ಮೊಬೈಲಿಗೂ ಬಂದಿರಬಹುದು. ತ್ರಿಶತಕ ಹೊಡೆದವನೇ ಹಾಗೆ ಕೇಳಬೇಕಾಯಿತು. ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆ ಟೂರ್ನಿಯಲ್ಲಿ 779 ರನ್, ಐದು ಶತಕ, ಇಡೀ ಟೂರ್ನಿಯಲ್ಲಿ ಔಟಾಗಿದ್ದು ಎರಡೇ ಸಲ. ಅದೇ ಸಾಲಿನ ರಣಜಿ ಫೈನಲ್‌ನಲ್ಲಿ ಕೇರಳದ ವಿರುದ್ಧ ಶತಕ, ವಿದರ್ಭಕ್ಕೆ ಕಪ್ಪು. 2025ರ ಜೂನ್‌ನಲ್ಲಿ ಎಂಟು ವರ್ಷದ ಮೇಲೆ ಮತ್ತೆ ಟೆಸ್ಟ್. ಇಂಗ್ಲೆಂಡ್‌ನಲ್ಲಿ ನಾಲ್ಕು ಟೆಸ್ಟ್, ಎಂಟು ಇನಿಂಗ್ಸ್, 205 ರನ್, ಒಂದು ಅರ್ಧಶತಕ. ಆಮೇಲೆ ಮತ್ತೆ ಕೈಬಿಟ್ಟರು.

2017ರಲ್ಲಿ ಬಿಟ್ಟಿದ್ದೂ 2025ರಲ್ಲಿ ಬಿಟ್ಟಿದ್ದೂ ಒಂದೇ ಅಲ್ಲ. 2025ರಲ್ಲಿ ಎಂಟು ಇನಿಂಗ್ಸ್ ಸಿಕ್ಕಿದ್ದವು, ಹಲವು ಸಲ ಇಪ್ಪತ್ತು, ಮೂವತ್ತು ದಾಟಿ ನಿಲ್ಲಲು ಆಗಲಿಲ್ಲ, ವಯಸ್ಸು 33. ಅಲ್ಲಿ ಬಿಟ್ಟರೆ ನಾನು ತಕರಾರು ಮಾಡುವುದಿಲ್ಲ, ಕ್ರೀಡೆ ಇರುವುದೇ ಹಾಗೆ. 2017ರಲ್ಲಿ ಅವರಿಗೆ 25 ವರ್ಷ. ತ್ರಿಶತಕದ ಮೇಲೆ ಮೊದಲು ಬೆಂಚಿನಲ್ಲಿ ಕೂರಿಸಿ, ಆಮೇಲೆ ನಾಲ್ಕು ಇನಿಂಗ್ಸ್ ಕೊಟ್ಟು ಎಂಟು ವರ್ಷ ತಿರುಗಿ ನೋಡಲಿಲ್ಲ. ಅದನ್ನು ನ್ಯಾಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾಗಿ ಎಷ್ಟು ಸಲ ಸೋತ ಎಂದು ಎಣಿಸುವ ಮುಂಚೆ ಎಷ್ಟು ಸಲ ಸರಿಯಾಗಿ ಆಡಿಸಿದೆವು ಎಂದು ಎಣಿಸಬೇಕು. ಅವನಿಗೆ ರೂಢಿ ಇದ್ದ ಜಾಗದಲ್ಲಿ ಇಳಿಸಿದೆವಾ? ಒಂದರ ಹಿಂದೆ ಒಂದು ಆಡಿಸಿದೆವಾ, ಅಥವಾ ಯಾರೋ ಬರದಿದ್ದಾಗ ಮಾತ್ರ ಕರೆದೆವಾ? ಯಾಕೆ ಬಿಡುತ್ತಿದ್ದೇವೆ ಎಂದು ಕರೆದು ಹೇಳಿದೆವಾ? ಇಷ್ಟಾದ ಮೇಲೂ ಆಗಲಿಲ್ಲ ಎಂದರೆ ಬಿಡಬಹುದು, ಬಿಡಲೇಬೇಕು. ಬೆಂಚಿನ ಮೇಲೆ ಇನ್ನೊಬ್ಬ ಹುಡುಗ ಕಾಯುತ್ತಿರುತ್ತಾನೆ, ಅವನೂ ಯಾರದೋ ಮಗನೇ.

ಈಗ ನಮ್ಮ ಕಡೆಯ ಮಾತಿಗೆ ಬರುತ್ತೇನೆ.

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಲೆಕ್ಕದಲ್ಲಿ ಯಾದಗಿರಿ ಜಿಲ್ಲೆ ರಾಯಚೂರು ವಲಯಕ್ಕೆ ಸೇರುತ್ತದೆ. ಈ ವಲಯದ ಹೆಸರು ಹೇಳಿದರೆ ಹಿರಿಯರಿಗೆ ನೆನಪಾಗುವುದು ಯರೇಗೌಡ. ರಾಯಚೂರಿನಲ್ಲಿ 1971ರಲ್ಲಿ ಹುಟ್ಟಿದವರು, ಮಧ್ಯಮ ಕ್ರಮಾಂಕದ ಬ್ಯಾಟ್ಸ್‌ಮನ್. ಕರ್ನಾಟಕದ ಪರ ರಣಜಿಗೆ ಬಂದದ್ದು 90ರ ದಶಕದಲ್ಲಿ. ಆಗಿನ ಕರ್ನಾಟಕ ತಂಡ ಎಂದರೆ ಅರ್ಧ ಭಾರತ ತಂಡ. ರಾಯಚೂರಿನ ಹುಡುಗನಿಗೆ ಅಲ್ಲಿ ನೆಲೆ ಸಿಗಲಿಲ್ಲ. ರೈಲ್ವೇಸ್ ಸೇರಿದರು. ರೈಲ್ವೇಸ್ 2001-02ರಲ್ಲಿ ಮತ್ತು 2004-05ರಲ್ಲಿ ರಣಜಿ ಗೆದ್ದಾಗ ಆ ಬ್ಯಾಟಿಂಗಿನ ಬೆನ್ನೆಲುಬು ಯರೇಗೌಡರು. ಆಮೇಲೆ ಕರ್ನಾಟಕವೇ ಅವರನ್ನು ಮರಳಿ ಕರೆಸಿಕೊಂಡಿತು, ನಾಯಕನನ್ನೂ ಮಾಡಿತು.

ಯರೇಗೌಡರಿಗೆ ರೈಲ್ವೇಸ್ ಸಿಕ್ಕಿತು, ಕರುಣ್‌ಗೆ ವಿದರ್ಭ ಸಿಕ್ಕಿತು. ಹುಣಸಗಿಯ ಹುಡುಗನಿಗೆ ಏನು ಸಿಗುತ್ತದೆ? ಬೆಂಗಳೂರಿನ ಹುಡುಗನನ್ನು ಒಂದು ತಂಡ ಬಿಟ್ಟರೆ ಮುಂದಿನ ಭಾನುವಾರ ಇನ್ನೊಂದು ಕ್ಲಬ್ಬಿಗೆ ಆಡುತ್ತಾನೆ. ನಮ್ಮ ಹುಡುಗ ಟ್ರಯಲ್ಸ್‌ಗೆ ಹೋಗಬೇಕೆಂದರೆ ರಾತ್ರಿ ರೈಲಿನ ಜನರಲ್ ಬೋಗಿಯಲ್ಲಿ ನಿಂತು ಹೋಗಬೇಕು, ಅಲ್ಲಿ ಸಿಗುವುದು ಹತ್ತು ಚೆಂಡು. ಅದಾಗದಿದ್ದರೆ ಮತ್ತೆ ಒಂದು ವರ್ಷ. 371(ಜೆ) ನಮಗೆ ಕಾಲೇಜು ಸೀಟಿಗೆ, ನೌಕರಿಗೆ ಇದೆ, ಟೀಮಿಗೆ ಇಲ್ಲ. ಇರಬೇಕೆಂದು ನಾನು ಕೇಳುವುದೂ ಇಲ್ಲ. ಮಹಾರಾಜ ಟ್ರೋಫಿಯಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ ಎಂಬ ತಂಡ 2022ರಲ್ಲಿ ಕಪ್ ಗೆದ್ದಾಗ ನಾವೂ ಕುಣಿದೆವು. ಹೆಸರು ಗುಲ್ಬರ್ಗ, ಆದರೆ ಮ್ಯಾಚು ನಡೆದದ್ದು ಮೈಸೂರಲ್ಲಿ, ಬೆಂಗಳೂರಲ್ಲಿ.

ನಮ್ಮ ಹುಡುಗರಿಗೆ ಕೆಳಗಿನ ಮೆಟ್ಟಿಲೂ ಊರ ಟೂರ್ನಮೆಂಟೇ, ಮೇಲಿನ ಮೆಟ್ಟಿಲೂ ಅದೇ. ಅಲ್ಲಿಂದ ಬಿಟ್ಟರೆ ಆಟದಿಂದಲೇ ಬಿಟ್ಟ ಹಾಗೆ. ಆದ್ದರಿಂದ ಕೊಹ್ಲಿ, ಕುಂಬ್ಳೆಗಿಂತ ನಮ್ಮೂರ ಕ್ಯಾಪ್ಟನ್ ಹೆಚ್ಚು ದಿನ ಕಾಯಬೇಕಾಗುತ್ತದೆ. ತಮಾಷೆಗೆ ಹೇಳುತ್ತಿಲ್ಲ.

ಆದರೆ ಕ್ಯಾಪ್ಟನ್ ಒಬ್ಬನನ್ನೇ ಬೈದು ಉಪಯೋಗವಿಲ್ಲ. ತೊಂದರೆ ಇರುವುದು ಟೂರ್ನಮೆಂಟ್ ಕಟ್ಟುವ ರೀತಿಯಲ್ಲಿ. ನಮ್ಮಲ್ಲಿ ಹೆಚ್ಚಿನವು ನಾಕೌಟ್, ಸೋತರೆ ಮನೆಗೆ. ಎಂಟು ಟೀಮ್ ಬಂದರೆ ಏಳು ಮ್ಯಾಚು, ನಾಲ್ಕು ಟೀಮಿಗೆ ಒಂದೇ ಮ್ಯಾಚು. ಎಂಟ್ರಿ ಫೀ ಕಟ್ಟಿ, ಬಾಡಿಗೆ ಟಂಟಂನಲ್ಲಿ ಬಂದ ಟೀಮು ಆ ಒಂದು ಮ್ಯಾಚಿನಲ್ಲಿ ಹೊಸ ಹುಡುಗನನ್ನು ಯಾಕೆ ಆಡಿಸುತ್ತದೆ? ಆಡಿಸಿದರೂ ಏಳನೇ ಕ್ರಮಾಂಕ, ಕೊನೆಯ ಓವರ್, ಮೂರು ಚೆಂಡು. ಮೊದಲನೆಯದಕ್ಕೇ ಬ್ಯಾಟ್ ಬೀಸಬೇಕು, ಔಟಾದರೆ ಕಾಕಾ ತಯಾರಿರುತ್ತಾರೆ.

ಅದೇ ಎಂಟು ಟೀಮನ್ನು ನಾಲ್ಕು ನಾಲ್ಕರ ಎರಡು ಗುಂಪು ಮಾಡಿದರೆ ಪ್ರತಿ ಟೀಮಿಗೂ ಕನಿಷ್ಠ ಮೂರು ಮ್ಯಾಚು. ಗುಂಪಿಗೆ ಆರರಂತೆ ಹನ್ನೆರಡು, ಎರಡು ಸೆಮಿಫೈನಲ್, ಒಂದು ಫೈನಲ್, ಒಟ್ಟು ಹದಿನೈದು. ಎಂಟು ಓವರಿನ ಮ್ಯಾಚಾದರೆ ಮೂರು ಶನಿವಾರ, ಮೂರು ಭಾನುವಾರ ಸಾಕು. ಹೆಚ್ಚಿಗೆ ಬೇಕಾಗುವುದು ಚೆಂಡಿನ ಖರ್ಚು, ಅಂಪೈರಿಗೆ ಊಟ, ಎರಡು ವಾರದ ಶಾಮಿಯಾನ ಬಾಡಿಗೆ. ಬ್ಯಾನರು ಅರ್ಧ ಮಾಡಿದರೆ ಅದರಲ್ಲೇ ಹೊಂದುತ್ತದೆ. ಜೊತೆಗೆ ಒಂದು ನಿಯಮ ಹಾಕಬಹುದು: ಹದಿನೆಂಟರ ಒಳಗಿನ ಇಬ್ಬರು ಪ್ರತಿ ಮ್ಯಾಚಿನಲ್ಲೂ ಆಡಲೇಬೇಕು, ಅದರಲ್ಲಿ ಒಬ್ಬ ಮೊದಲ ನಾಲ್ಕರೊಳಗೆ ಬ್ಯಾಟಿಂಗಿಗೆ ಇಳಿಯಬೇಕು.

ಮುಂದಿನ ಬೇಸಿಗೆಗೆ ಯಾವ ಊರಿನವರಾದರೂ ಹೀಗೆ ಮಾಡುವುದಿದ್ದರೆ ಮೊದಲೇ ತಿಳಿಸಿ. ಸ್ಕೋರ್ ಬರೆಯಲು ನಾನು ಬರುತ್ತೇನೆ, ಎಲ್ಲ ಮ್ಯಾಚಿನ ಸ್ಕೋರೂ ಇಲ್ಲಿ ಹಾಕುತ್ತೇವೆ, ಸೊನ್ನೆಗೆ ಔಟಾದವರ ಹೆಸರೂ ಸೇರಿಸಿ.